ಮೂರು ತಿಂಗಳ ಮಾತ್ರೆಯ ಪ್ರಸಾದ

ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ಉಂಡ ತಟ್ಟೆಯನ್ನು ಎತ್ತಿಕೊಂಡರೆ ಅದರಲ್ಲಿ ತೊಳೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಮುದ್ದೆಯ ಕೊನೆಯ ತುತ್ತಿನಿಂದ ಸಾರಿನ ಪಸೆಯನ್ನು ಒರೆಸಿ ತಿಂದು, ತಟ್ಟೆಗೆ ಒಂದು ಲೋಟ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು ಆ ನೀರನ್ನೂ ಕುಡಿದುಬಿಡುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ ನನಗೆ ಮೊದಲ ವಾರ ಅದನ್ನು ನೋಡಲು ಒಂಥರಾ ಆಗುತ್ತಿತ್ತು. ನನ್ನ ಮುಖ ಓದಿಕೊಂಡವರ ಹಾಗೆ ಒಂದು ದಿನ ಅವರೇ ಹೇಳಿದರು. "ಲಿಂಗಕ್ಕೆ ತೋರ್ಸಿ ಉಂಡದ್ದು ಪ್ರಸಾದ ಆಯ್ತದೆ ಕಣಮ್ಮಿ. ಪ್ರಸಾದವ ಒಂದಗುಳೂ ಬುಡಂಗಿಲ್ಲ."

ಅವರ ತವರು ಬೇಗೂರು. ಕೊಟ್ಟದ್ದು ಹಂಗಳಕ್ಕೆ, ಜಮೀನಿನ ಮನೆಗೆ. ಮಾವನವರು ತೀರಿಕೊಂಡ ಮೇಲೆ ಹೊಲವನ್ನು ಮೈದುನ ನೋಡಿಕೊಂಡರು, ಅತ್ತೆ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದರು. ಯಜಮಾನರಿಗೆ ಇಲ್ಲೇ ಸರ್ಕಾರಿ ಕಚೇರಿಯಲ್ಲಿ ಕೆಲಸ. ಬೆಳಗ್ಗೆ ಮಿಂದು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು, ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮುಗಿಸುವ ತನಕ ಅತ್ತೆಯ ಬಾಯಿಗೆ ಒಂದು ಹನಿ ನೀರೂ ಬೀಳುವುದಿಲ್ಲ. ಸೋಮವಾರ ಬಂದರೆ ಸಂಜೆ ದೀಪ ಹಚ್ಚುವ ತನಕ ಊಟವಿಲ್ಲ. ಲಿಂಗಕ್ಕೆ ತೋರಿಸದೆ ಒಂದು ಬಾಳೆಹಣ್ಣನ್ನೂ ತಿನ್ನುವುದಿಲ್ಲ. ಹೆರಿಗೆಯ ಬಾಣಂತನದಲ್ಲೂ ಈ ನೇಮ ತಪ್ಪಿಲ್ಲವಂತೆ.

ಈ ನೇಮಕ್ಕೂ ಅವರ ಸಕ್ಕರೆ ಕಾಯಿಲೆಗೂ ಜಗಳ ಹತ್ತಿದ್ದು ಹೋದ ವರ್ಷ.

ಆಗ ಒಂದು ಮಾತ್ರೆ ಸಾಲದೆಂದು ಊರಿನ ಡಾಕ್ಟರು ಇನ್ನೊಂದನ್ನು ಸೇರಿಸಿದ್ದರು. ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಊಟ ತಪ್ಪಿಸಬಾರದು ಎಂದು ಹೇಳಿಯೂ ಇದ್ದರು. ಅತ್ತೆ ಭಾನುವಾರ ಸಂಜೆ ಆ ಮಾತ್ರೆ ನುಂಗಿ, ಊಟ ಸೇರಲಿಲ್ಲವೆಂದು ಅರ್ಧ ಮುದ್ದೆ ಉಂಡು ಎದ್ದರು. ಮಾರನೆಯ ದಿನ ಸೋಮವಾರ. ಪತ್ರೆ ಬಿಡಿಸಿಕೊಂಡು ಬಂದು ಪೂಜೆಗೆ ಕೂತಿದ್ದಾರೆ, ಒಂಬತ್ತು ಗಂಟೆ ಇರಬೇಕು. ಒಗ್ಗರಣೆ ಹಾಕುತ್ತಿದ್ದ ನನಗೆ ತಟ್ಟೆ ಉರುಳಿದ ಸದ್ದು ಕೇಳಿತು. ಹೋಗಿ ನೋಡಿದರೆ ಅತ್ತೆಯ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿದೆ. ಕೈ ಗಡಗಡ ನಡುಗುತ್ತಿದೆ. ಆದರೂ ಎಡಗೈ ಮಾತ್ರ ಲಿಂಗವನ್ನು ಬಿಟ್ಟಿಲ್ಲ.

ಸಕ್ಕರೆ ನೀರು ಕಲಸಿ ತಂದು ತುಟಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡರು.

"ಅವ್ವ, ಬಾಯಿ ಬುಡವ್ವ!" ಯಜಮಾನರು ಕೂಗಿಕೊಂಡರು.

ಅತ್ತೆ ತಲೆ ಅಲ್ಲಾಡಿಸಿದರು. ಇನ್ನೂ ಪೂಜೆ ಆಗಿಲ್ಲವಲ್ಲ.

ನನಗೆ ಆ ಕ್ಷಣ ಏನು ಹೊಳೆಯಿತೋ, ಒಂದು ಚಮಚ ಸಕ್ಕರೆಯನ್ನು ಅವರ ಬಲ ಅಂಗೈಗೆ ಸುರಿದೆ. "ಅತ್ತೆ, ಅರ್ಪಿಸಿ" ಅಂದೆ. ನಡುಗುವ ಕೈಯನ್ನು ಲಿಂಗದ ಹತ್ತಿರ ತಂದರು, ಕಣ್ಣು ಮುಚ್ಚಿದರು, ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಅಷ್ಟನ್ನೂ ಬಾಯಿಗೆ ಹಾಕಿಕೊಂಡು ಅಂಗೈ ನೆಕ್ಕಿದರು. ಹದಿನೈದು ನಿಮಿಷದಲ್ಲಿ ಗೋಡೆಗೆ ಒರಗಿ ಕೂತು, "ಇವತ್ತು ಸಿವ ಗಡಿಬಿಡೀಲಿ ಪೂಜೆ ಮುಗಿಸ್ಕಂಡ ಕಣ್ಲಾ" ಎಂದು ಮಗನಿಗೆ ಹೇಳಿ ನಕ್ಕರು. ನಗುವುದಕ್ಕೆ ನಮ್ಮಿಬ್ಬರಿಗೂ ಶಕ್ತಿ ಇರಲಿಲ್ಲ.

ಆ ವಾರವೇ ಚಾಮರಾಜನಗರಕ್ಕೆ ಹೊರಟೆವು. ಅಲ್ಲಿ ಸಕ್ಕರೆ ಕಾಯಿಲೆಗೆಂದೇ ಓದಿದ ಒಬ್ಬ ಲೇಡಿ ಡಾಕ್ಟರು ಇದ್ದಾರೆಂದು ನನ್ನ ತವರಿನವರು ಹೇಳಿದ್ದರು. ಬಸ್ಸು ಊರಿನ ಹತ್ತಿರ ಬಂದಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು. "ಸೂಜಿ ಚುಚ್ಕೊ ಅಂದ್ರೆ ಚುಚ್ಕೊತೀನಿ. ನೋವಿಗೆ ಎದ್ರಲ್ಲ. ಸೂಜಿ ಹಾಕ್ದಾಗೆಲ್ಲಾ ಹೊತ್ತೊತ್ತಿಗೆ ಉಣ್ಣು ಅಂತಾರಂತೆ. ಅಂಗಾರೆ ನನ್ ಸೋಮವಾರ ಓಯ್ತು, ಪೂಜೆ ಓಯ್ತು. ಅವೆಲ್ಲಾ ಓಗ್ಬುಟ್ ಮೇಲೆ ಇದ್ದಾರೂ ಏನ್ ಮಾಡನ?"

ಅವರು ಕೇಳಿದ್ದು ಇಷ್ಟೇ. ಬದುಕಬೇಕು, ನೇಮವೂ ಉಳಿಯಬೇಕು.

ಡಾಕ್ಟರು ಕೇರಳದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ನಲವತ್ತರ ಮೇಲಿನ ವಯಸ್ಸು, ಹತ್ತಿ ಸೀರೆ, ಕೂದಲಿಗೆ ಒಂದು ಪೆನ್ನು ಸಿಕ್ಕಿಸಿಕೊಂಡು ಆ ಪೆನ್ನನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಕನ್ನಡವನ್ನು ಪೂರ್ತಿ ರೋಗಿಗಳಿಂದಲೇ ಕಲಿತದ್ದಂತೆ. ಹಾಗಾಗಿ ಅವರ ಬಾಯಲ್ಲಿ ಮಲಯಾಳದ ರಾಗ, ನಮ್ಮ ಹಳ್ಳಿಯ ಮಾತು.

"ಬಾರವ್ವ, ಕೂತ್ಕೊ. ಏನಾಯ್ತು, ಸಕ್ರೆ ಬಿದ್ದೋಯ್ತಾ?" ಅಂದರು.

ಅತ್ತೆ ಬೆರಗಾಗಿ ನನ್ನ ಮುಖ ನೋಡಿದರು. ಆಮೇಲೆ ಎಲ್ಲವನ್ನೂ ಹೇಳಿಕೊಂಡರು, ನನಗೆ ಹೇಳದೆ ಇದ್ದದ್ದನ್ನೂ. ಡಾಕ್ಟರು ಒಂದು ಸಲವೂ ಗಡಿಯಾರ ನೋಡಲಿಲ್ಲ. ಹೊಟ್ಟೆಯ ಸುತ್ತಳತೆ ಹಿಡಿದರು. ಲಿವರಿನಲ್ಲಿ ಕೊಬ್ಬು ಕೂತಿದೆ ಎಂಬ ಹಳೇ ಸ್ಕ್ಯಾನನ್ನು ನೋಡಿದರು. "ಆಯ್ತವ್ವ, ನಿನ್ ಪೂಜೆನೂ ಬೇಡ ಅನ್ನಲ್ಲ, ಸೋಮವಾರನೂ ಬೇಡ ಅನ್ನಲ್ಲ. ಆ ಮಾತ್ರೆ ನಿಲ್ಸನ. ಬೇರೆ ಒಂದು ಕೊಡ್ತೀನಿ. ದಿನಕ್ಕೆ ಒಂದೇ. ಪೂಜೆ ಆದ್ಮೇಲೆ ಯಾವಾಗ್ಲಾದ್ರೂ ತಗೊ. ಉಂಡ್ರೂ ಸೈ, ಉಣ್ಣದೆ ಇದ್ರೂ ಸೈ. ಇದೂ ನಿನ್ ಹಳೇ ಮಾತ್ರೆನೂ ಸೇರಿ ಸಕ್ರೆನ ಅಂಗೆ ಧಡಕ್ಕಂತ ಬೀಳಿಸಲ್ಲ."

"ಅಂಗಾರೆ ಮೊದ್ಲೇ ಇದ್ನ ಯಾಕ್ ಕೊಡ್ಲಿಲ್ಲ ಯಾರೂ?"

"ಇದು ನಿಧಾನ. ಎರಡು ತಿಂಗಳು, ಮೂರು ತಿಂಗಳು ಕಾಯ್ಬೇಕು. ಜನಕ್ಕೆ ತಾಳ್ಮೆ ಎಲ್ಲವ್ವ? ಆಮೇಲೆ ಎಲ್ಲಾರ್ಗೂ ಆಗಲ್ಲ ಇದು. ಕಾಲು ಊದ್ತಾ ನೋಡ್ಕೋಬೇಕು."

ಯಾಕೆ ನಿಧಾನ ಎಂದು ನಾನು ಕೇಳಿದೆ. ಕೇಳಿದ್ದು ಕುತೂಹಲಕ್ಕೆ. ಡಾಕ್ಟರು ನನ್ನ ಕಡೆ ತಿರುಗಿ, "ಜೀವಕೋಶದ ಚಿತ್ರ ಬರ್ದಿದ್ದೀರಾ ಸ್ಕೂಲಲ್ಲಿ?" ಎಂದರು. ಬರೆಯದೆ ಇರುತ್ತೇನೆಯೇ. ಜೀವಶಾಸ್ತ್ರದ ಸಿಸ್ಟರು ನ್ಯೂಕ್ಲಿಯಸ್ಸನ್ನು ಗಾಢವಾಗಿ ತುಂಬಿಸದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು. ಮಧ್ಯದ ಆ ಕಪ್ಪು ಚುಕ್ಕೆ ನನ್ನ ಪಾಲಿಗೆ ಪೆನ್ಸಿಲ್ ಸವೆಸುವ ಕೆಲಸವಾಗಿತ್ತು, ಅಷ್ಟೇ.

"ಎಷ್ಟೋ ಔಷಧಿಗಳು ಜೀವಕೋಶದ ಬಾಗಿಲು ತಟ್ಟಿ ಕೆಲಸ ಹೇಳ್ತವೆ. ಇದು ಹಂಗಲ್ಲ, ಒಳಗೆ ಹೋಗುತ್ತೆ, ಆ ನ್ಯೂಕ್ಲಿಯಸ್ ತನಕ. ಅಲ್ಲಿ ಒಂದು ಪ್ರೋಟೀನು ಕಾಯ್ಕೊಂಡು ಕೂತಿರುತ್ತೆ. ಗ್ರಾಹಿ ಅಂತಾರೆ. ಮಾತ್ರೆ ಹೋಗಿ ಅದನ್ನ ಹಿಡ್ಕೊಂಡಾಗ ಅದು ಎದ್ದು ಜೀನುಗಳ ಪುಸ್ತಕದಲ್ಲಿ ಕೆಲವು ಪುಟ ತೆಗೆದು ಓದ್ಸುತ್ತೆ. ಓದಿದ ಹಾಗೆ ಹೊಸ ಸಾಮಾನು ತಯಾರಾಗ್ಬೇಕಲ್ಲ, ಅದಕ್ಕೇ ತಡ."

ಅತ್ತೆಗೆ ಇದು ತಲೆಗೆ ಹೋಗಲಿಲ್ಲ ಎಂದು ಡಾಕ್ಟರಿಗೆ ತಿಳಿಯಿತು. "ಅವ್ವ, ನಿಮ್ಮಟ್ಟೀಲಿ ರಾಗಿ ಬಂದಾಗ ಎಲ್ಲಿ ತುಂಬ್ತಿದ್ರಿ?"

"ಕಣಜ್ದಲ್ಲಿ. ಅದು ತುಂಬೋದ್ರೆ ಚೀಲ ನಡುಮನೇಲಿ, ಅಡಿಗೆಮನೇಲಿ, ಓಡಾಡೋ ಕಡೆಲೆಲ್ಲಾ."

"ಆವಾಗ ಅಡಿಗೆ ಮಾಡಕಾಯ್ತದಾ?"

"ಎಲ್ಲಿ ಆದಾತು? ಎಡವಿ ಬೀಳೋದೇ ಕೆಲ್ಸ."

"ನಿನ್ ಮೈಲೂ ಹಂಗೇ ಆಗದೆ. ಕೊಬ್ಬು ಎಲ್ಲಿರ್ಬೇಕೋ ಅಲ್ಲಿಲ್ಲ. ಲಿವರಲ್ಲಿ, ಹೊಟ್ಟೆ ಒಳಗೆ ಚೀಲ ಚೀಲ ಬಿದ್ದದೆ. ಈ ಮಾತ್ರೆ ಚರ್ಮದ ಕೆಳಗೆ ಹೊಸ ಕಣಜ ಕಟ್ಟಿಸ್ತದೆ, ಬಿದ್ದಿರೋದನ್ನ ಎತ್ತಿ ತುಂಬ್ತದೆ. ಅಡಿಗೆಮನೆ ಖಾಲಿ ಆಯ್ತು ಅಂದ್ರೆ ಒಲೆ ಉರೀತದೆ, ಸಕ್ರೆ ಇಳೀತದೆ."

ಅತ್ತೆ ಸ್ವಲ್ಪ ಯೋಚನೆ ಮಾಡಿ ಕೇಳಿದರು. "ಅಂಗಾರೆ ರಾಗಿ ಮನೇಲೇ ಇರ್ತದೆ. ನಾನು ತೆಳ್ಳಗಾಗಲ್ಲ."

ಡಾಕ್ಟರು ಮೇಜು ತಟ್ಟಿ ನಕ್ಕರು. "ಇಷ್ಟು ವರ್ಷದಲ್ಲಿ ಇದನ್ನ ಕೇಳಿದೋಳು ನೀನೊಬ್ಬಳೇ ಕಣವ್ವ. ಹೌದು, ತೂಕ ಒಂಚೂರು ಏರ್ಬೌದು. ಅದಕ್ಕೆ ನಡೀಬೇಕು, ಮುದ್ದೆ ಸಣ್ಣದಾಗ್ಬೇಕು."

ಮನೆಗೆ ಬಂದ ಮೇಲೆ ಕೈ ಬಿಡುವಾದಾಗಲೆಲ್ಲ ಫೋನಿನಲ್ಲಿ ಈ ವಿಷಯ ಓದುವುದು ನನಗೊಂದು ಅಭ್ಯಾಸವಾಯಿತು. ಪಯೋಗ್ಲಿಟಜೋನ್ ಎಂಬ ಆ ಮಾತ್ರೆಯ ಹೆಸರು ಬಾಯಿಗೆ ಹತ್ತಲು ಎರಡು ದಿನ ಬೇಕಾಯಿತು. ಓದುತ್ತಾ ಓದುತ್ತಾ ನನಗೆ ಅಚ್ಚರಿ. ಈ ಜಾತಿಯ ಮಾತ್ರೆಗಳು ಸಕ್ಕರೆ ಇಳಿಸುತ್ತವೆ ಎಂಬುದು ಮೊದಲು ತಿಳಿಯಿತಂತೆ, ಅವು ಹೋಗಿ ಮುಟ್ಟುವುದು ಯಾವುದನ್ನು ಎಂಬುದು ಎಷ್ಟೋ ಕಾಲದ ಮೇಲೆ. ಅತ್ತ ವಿಜ್ಞಾನಿಗಳಿಗೆ ನ್ಯೂಕ್ಲಿಯಸ್ಸಿನೊಳಗೆ ಇಂಥ ಗ್ರಾಹಿಗಳು ಒಂದೊಂದಾಗಿ ಸಿಗುತ್ತಿದ್ದವು, ಅವು ಯಾರಿಗಾಗಿ ಕಾದು ಕೂತಿವೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹಾಗೆ ನಂಟು ತಿಳಿಯದವಕ್ಕೆ 'ಅನಾಥ' ಗ್ರಾಹಿಗಳು ಎಂದೇ ಹೆಸರಿಟ್ಟಿದ್ದರಂತೆ. ಆ ಮಾತು ಓದಿ ನಾನು ಫೋನನ್ನು ಕೆಳಗಿಟ್ಟೆ. ನಮ್ಮ ಕಾನ್ವೆಂಟಿನ ಹಿಂಭಾಗದಲ್ಲಿ ತಂದೆತಾಯಿ ಇಲ್ಲದ ಹುಡುಗಿಯರ ಬೋರ್ಡಿಂಗು ಇತ್ತು. ಭಾನುವಾರ ಗೇಟು ಕಿರುಗುಟ್ಟಿದರೆ ಸಾಕು, ಯಾರಿಗೋ ಯಾರೋ ಬಂದರೆಂದು ಅವರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಕೊನೆಗೆ ಈ ಗ್ರಾಹಿಗಳಲ್ಲಿ ಒಂದು ಗುಂಪಿಗೆ ನಂಟರು ಸಿಕ್ಕಿದರು. ಯಾರು ಅಂತೀರಿ? ನಾವು ದಿನಾ ತಿನ್ನುವ ಎಣ್ಣೆ, ತುಪ್ಪದೊಳಗಿನ ಕೊಬ್ಬಿನ ಅಂಶವೇ. ನಾನು ಬಾಣಲೆಗೆ ಸುರಿಯುವ ಎಣ್ಣೆಯ ಅಂಶ ಆ ಕಪ್ಪು ಚುಕ್ಕೆಯ ತನಕ ಹೋಗಿ ಅಲ್ಲಿ ಪುಟ ತಿರುವಿಸುತ್ತದೆ ಎಂಬುದು ಗೊತ್ತಾದ ಮೇಲೆ ಒಗ್ಗರಣೆ ಹಾಕುವಾಗ ನನ್ನ ಕೈ ತಾನಾಗಿ ಸಣ್ಣದಾಯಿತು.

ಇನ್ನು ಮಾತ್ರೆ ಶುರು ಮಾಡಿದ ದಿನದ ಮಾತು. ಮೂರು ತಿಂಗಳಿಗೆ ಒಟ್ಟಿಗೇ ತಂದಿದ್ದೆವು, ಹತ್ತು ಹತ್ತರ ಒಂಬತ್ತು ಸ್ಟ್ರಿಪ್ಪು. ಬೆಳಗ್ಗೆ ನಾನು ಒಂದು ಮಾತ್ರೆಯನ್ನು ಬಿಡಿಸಿ ಕೊಡಲು ಹೋದರೆ ಅತ್ತೆ ಬೇಡವೆಂದರು. ಅಷ್ಟನ್ನೂ ತರಿಸಿ ಪೂಜೆಯ ತಟ್ಟೆಯಲ್ಲಿ ಪೇರಿಸಿ, ಮೇಲೊಂದು ಬಿಲ್ವಪತ್ರೆ ಇಟ್ಟು, ಲಿಂಗಕ್ಕೆ ತೋರಿಸಿದರು. ಹಂಗಳದ ಮನೆಯಲ್ಲಿ ಹೊಸ ರಾಗಿ ಬಂದಾಗ ಹೀಗೇ ಅಂತೆ. ಒಂದು ಹಿಡಿ ತೆಗೆದಿಟ್ಟು ಅರ್ಪಿಸುವುದಲ್ಲ, ರಾಶಿಯನ್ನೇ ಅರ್ಪಿಸಿ ಆಮೇಲೆ ಒಳಗೆ ತುಂಬುವುದು. ವರ್ಷವಿಡೀ ಉಣ್ಣುವುದು ಪ್ರಸಾದವೇ ಆಗಿರಬೇಕು ಅಂತ. ನನಗೆ ಅದು ಬಹಳ ಹಿಡಿಸಿತು. ಎಷ್ಟು ಮರ್ಯಾದೆಯಿಂದ ಔಷಧಿ ತೆಗೆದುಕೊಳ್ಳುತ್ತಾರೆ, ನಾವು ನೋಡಿದರೆ ನಿಂತುಕೊಂಡೇ ನೀರು ಗುಟುಕರಿಸಿ ನುಂಗುತ್ತೇವೆ ಎಂದು ಯಜಮಾನರ ಹತ್ತಿರ ಹೇಳಿದ್ದೂ ನೆನಪಿದೆ. ಅದರಿಂದ ಮುಂದೆ ಏನಾಗಬಹುದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮಾತ್ರೆ ಕೆಲಸ ಮಾಡಿತು. ಎರಡನೆಯ ತಿಂಗಳ ಹೊತ್ತಿಗೆ ಬೆರಳು ಚುಚ್ಚಿ ನೋಡಿದರೆ ಬೆಳಗಿನ ಸಕ್ಕರೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. ಸೋಮವಾರಗಳು ಸುಸೂತ್ರವಾಗಿ ಕಳೆದವು. ಸಕ್ಕರೆ ಕಾಯಿಲೆಯಿಂದ ಬಂದಿದ್ದ ಕುತ್ತಿಗೆಯ ಕಪ್ಪು ಕೂಡ ತಿಳಿಯಾದಂತೆ ನನಗೆ ಕಂಡಿತು. ಎದುರುಮನೆಯ ಅಕ್ಕ ಹೂ ಕಟ್ಟುತ್ತಾ ಕೂತವರು ಕೂಗಿ ಹೇಳಿದರು. "ಏನ್ ದೊಡ್ಡಮ್ಮ, ಸೊಸೆ ಮುಚ್ಚಿಟ್ಟು ತುಪ್ಪ ತಿನ್ನಿಸ್ತಾವ್ಳಾ? ಮೈಕೈ ತುಂಬ್ಕಂಡು ಮದ್ವೆ ಹೆಣ್ಣಾಗಿದ್ದೀರಿ!"

"ನಿನ್ ಕಣ್ಣ್ ಬಿದ್ದಾತು, ಸುಮ್ಕಿರಮ್ಮಿ," ಎಂದು ಅತ್ತೆ ಸೆರಗು ಸರಿ ಮಾಡಿಕೊಂಡರು. ಅವರಿಗೂ ಖುಷಿ, ನನಗೂ ಖುಷಿ.

ಅದೇ ದಿನ ಮಧ್ಯಾಹ್ನ ಅತ್ತೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ಪಾದದ ಮೇಲೆ ಹವಾಯಿ ಚಪ್ಪಲಿಯ ಪಟ್ಟಿಯ ಗುರುತು ಕಂಡಿತು. ಬೆಳಗ್ಗೆ ಅಂಗಡಿಗೆ ಹೋಗಿ ಬಂದಾಗಿನದು, ಮಧ್ಯಾಹ್ನವಾದರೂ ಅಳಿಸಿರಲಿಲ್ಲ. ಹತ್ತಿರ ಕೂತು ಕಣಕಾಲ ಮೇಲೆ ಹೆಬ್ಬೆರಳು ಒತ್ತಿದೆ. ನಾದಿದ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿತ್ತು, ಬಿದ್ದದ್ದು ಹಾಗೇ ಇತ್ತು. ಕೈಬಳೆಯೂ ಬಿಗಿಯಾಗಿತ್ತು. ಎದುರುಮನೆಯವರು ಹೊಗಳಿದ್ದು ಮಾಂಸವನ್ನಲ್ಲ, ನೀರನ್ನು.

ಡಾಕ್ಟರಿಗೆ ಫೋನು ಮಾಡಿದೆ. ಅದೇ ಗ್ರಾಹಿ ಮೂತ್ರಪಿಂಡದಲ್ಲೂ ಇದೆ, ಕೆಲವರಲ್ಲಿ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಜಾಸ್ತಿಯಾದರೆ ಹೃದಯಕ್ಕೆ ಭಾರ ಎಂದು ಬಿಡಿಸಿ ಹೇಳಿದರು. "ಇವತ್ತಿಂದಲೇ ನಿಲ್ಸಿ. ಉಪ್ಪು ಕಮ್ಮಿ. ಹತ್ತು ದಿನ ಬಿಟ್ಟು ಬನ್ನಿ, ಹೃದಯದ ಸ್ಕ್ಯಾನ್ ಮಾಡನ. ಉಸಿರಾಡಕ್ಕೆ ಕಷ್ಟ ಆದ್ರೆ ಹತ್ತು ದಿನ ಕಾಯ್ಬೇಡಿ."

ಅತ್ತೆಗೆ ಹೇಳಿದೆ. "ಊಂ" ಅಂದರು. ಉಪ್ಪಿನಕಾಯಿ ಭರಣಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದೆ. ದಿನಾ ಬೆಳಗ್ಗೆ ಕಾಲು ಒತ್ತಿ ನೋಡುತ್ತಿದ್ದೆ. ಇಳಿಯಲಿಲ್ಲ. ಎಂಟು ದಿನ ಕಳೆದರೂ ಇಳಿಯಲಿಲ್ಲ. ಇದು ಮಾತ್ರೆಯಿಂದ ಬಂದ ಊತ ಅಲ್ಲವೋ ಏನೋ, ಹೃದಯವೇ ಕೆಟ್ಟಿದೆಯೋ ಎಂದು ನನಗೆ ಒಳಗೊಳಗೇ ದಿಗಿಲು. ಹತ್ತನೆಯ ದಿನ ಮೆಣಸಿನಕಾಯಿ ಹರವಲು ಮಹಡಿಗೆ ಹೊರಟ ಅತ್ತೆ ನಡುಮೆಟ್ಟಿಲಲ್ಲೇ ಕೂತುಬಿಟ್ಟರು. ಮೊರ ತೊಡೆಯ ಮೇಲೆ, ಬಾಯಿ ತೆರೆದು ಉಸಿರೆಳೆಯುತ್ತಿದ್ದಾರೆ. ಕೈ ಹಿಡಿದು ಇಳಿಸಿದೆ. ತಕ್ಷಣ ಡಾಕ್ಟರಿಗೆ ತಿಳಿಸಿದಾಗ ಈಗಲೇ ಕರೆದುಕೊಂಡು ಬನ್ನಿ ಎಂದರು. ಯಜಮಾನರು ಕಚೇರಿಯಿಂದ ಹೊರಟರು, ಕಾರು ಹೇಳಿದರು.

ಅವರು ಬರುವಷ್ಟರಲ್ಲಿ ಹಳೇ ಚೀಟಿ, ರಿಪೋರ್ಟು ಜೋಡಿಸಿಕೊಳ್ಳೋಣವೆಂದು ದೇವರಮನೆಗೆ ಹೋದೆ. ಚೀಟಿಗಳನ್ನು ಅತ್ತೆ ಅಲ್ಲೇ ಇಡುತ್ತಿದ್ದರು. ಪಕ್ಕದಲ್ಲಿ ಪೂಜೆಯ ಒಣಗಿದ ಹೂವು ಪತ್ರೆಗಳ ಬುಟ್ಟಿ. ಮಾತ್ರೆ ಮುಗಿದ ಸ್ಟ್ರಿಪ್ಪನ್ನೂ ಅತ್ತೆ ಕಸದ ಡಬ್ಬಿಗೆ ಹಾಕದೆ ಅದರಲ್ಲೇ ಹಾಕುವುದು, ಹೂವನ್ನು ಕಣಗಿಲೆ ಗಿಡದ ಬುಡಕ್ಕೆ ಸುರಿಯುವಾಗ ನಾನು ಅದನ್ನು ಆರಿಸಿ ತೆಗೆಯುವುದು. ಅಲ್ಲಿಯವರೆಗೆ ಆರು ತೆಗೆದಿದ್ದೆ. ಈಗ ಬಾಡಿದ ಪತ್ರೆಯ ನಡುವೆ ಏಳನೆಯದು ಹೊಳೆಯುತ್ತಿತ್ತು, ಹತ್ತೂ ಗುಳಿ ಖಾಲಿ.

ಅದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತೆಯ ಮುಂದೆ ಕೂತೆ.

"ನಿಲ್ಸಿದ್ದೀನಿ ಅಂತ ನಾನೆಲ್ಲಿ ಅಂದೆ?" ಎಂದರು ಮೆಲ್ಲಗೆ.

ಅಷ್ಟರಲ್ಲಿ ಯಜಮಾನರು ಬಂದರು. ವಿಷಯ ತಿಳಿದದ್ದೇ ತಲೆ ಚಚ್ಚಿಕೊಂಡರು. "ಅವ್ವ, ಅದು ಮಾತ್ರೆ ಕಣವ್ವ! ಡಾಕ್ಟ್ರು ಬೇಡ ಅಂದ್ಮೇಲೆ ಎಸೀಬೇಕು!"

"ಏನಂದೆ? ಎಸಿಯದಾ?" ಅತ್ತೆಯ ಧ್ವನಿ ಗಟ್ಟಿಯಾಯಿತು, ಉಸಿರು ಸಾಲದಿದ್ದರೂ. "ಒಂಬತ್ತನ್ನೂ ಅರ್ಪಿಸಿವ್ನಿ ಕಣ್ಲಾ. ನಿಮ್ಮಪ್ಪ ಸಾಯೋ ಗಳಿಗೇಲೂ ಬಾಯಿಗೆ ಹಾಕಿದ್ ಅನ್ನವ ಉಗೀಲಿಲ್ಲ. ನಾನು ಎರಡು ಹಾಳೆ ಪ್ರಸಾದವ ಗುಂಡಿಗೆ ಎಸೀಲಾ? ಇನ್ನೆರಡು ಅವೆ, ಇಪ್ಪತ್ತು ದಿನ. ಮುಗಿಸ್ಬುಟ್ಟು ನಿಲ್ಲಿಸ್ತೀನಿ."

"ಇಪ್ಪತ್ತು ದಿನ ನೀನಿರ್ಬೇಕಲ್ಲ!" ಎಂದುಬಿಟ್ಟರು ಯಜಮಾನರು. ಅಂದ ಮೇಲೆ ಅವರೇ ಗೋಡೆಯ ಕಡೆ ತಿರುಗಿಕೊಂಡರು.

ನಾನು ಉಳಿದ ಎರಡು ಸ್ಟ್ರಿಪ್ಪುಗಳನ್ನು ಪೂಜೆಯ ಪೆಟ್ಟಿಗೆಯಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಅತ್ತೆ ತಡೆಯಲಿಲ್ಲ, ನನ್ನ ಬ್ಯಾಗಿನ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ. ಕಾರು ಹೊರಟಿತು. ರಸ್ತೆಯ ಪಕ್ಕ ಚೆಂಡುಹೂವಿನ ಹೊಲ ಕಣ್ಣು ಕುಕ್ಕುವಷ್ಟು ಹಳದಿಯಾಗಿತ್ತು. ನನಗೆ ನನ್ನ ಮೇಲೇ ಸಿಟ್ಟು. ಅಷ್ಟು ವರ್ಷ ಆ ತಟ್ಟೆ ನೋಡಿದ್ದೆ, ತೊಳೆದು ಕುಡಿಯುವುದನ್ನು ನೋಡಿದ್ದೆ. ಒಂಬತ್ತು ಸ್ಟ್ರಿಪ್ಪನ್ನು ಪೇರಿಸಿ ಅರ್ಪಿಸಿದ್ದನ್ನು ಕಂಡು ಮೆಚ್ಚಿಕೊಂಡಿದ್ದೆ. ಇಷ್ಟಾದರೂ 'ನಿಲ್ಲಿಸಿ' ಎಂಬ ಡಾಕ್ಟರ ಮಾತನ್ನು ಬರೀ ಮಾತ್ರೆಯ ವಿಷಯವೆಂದು ತಿಳಿದು ಒಪ್ಪಿಸಿ ಕೈ ತೊಳೆದುಕೊಂಡಿದ್ದೆನಲ್ಲ.

ಆಸ್ಪತ್ರೆಯಲ್ಲಿ ನೇರ ಒಳಗೆ ಕರೆದುಕೊಂಡರು. ಎದೆಯ ಮೇಲೆ ತಣ್ಣನೆಯ ಜೆಲ್ಲು ಹಚ್ಚಿ ಎಕೋ ಮಾಡಿದರು. ಪರದೆಯ ಮೇಲೆ ಹೃದಯದ ಕವಾಟ ಬಾವಿಕಟ್ಟೆಯ ಮೇಲೆ ಕೂತ ಹಕ್ಕಿಯ ರೆಕ್ಕೆಯ ಹಾಗೆ ಬಿಚ್ಚಿ ಮುಚ್ಚುತ್ತಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ನಾನು ಅವರ ಮುಖವನ್ನೇ ನೋಡಿದೆ. ಕೊನೆಗೆ ಕೂದಲಿನಿಂದ ಪೆನ್ನು ತೆಗೆದು ಬರೆಯಲು ಶುರು ಮಾಡಿದಾಗ ನನಗೆ ಧೈರ್ಯ ಬಂತು.

"ಹೃದಯ ಚೆನ್ನಾಗದೆ ಕಣವ್ವ. ನೀರು ತುಂಬ್ಕಂಡು ಅದಕ್ಕೆ ಕೆಲಸ ಜಾಸ್ತಿ ಆಗದೆ, ಅಷ್ಟೇ. ನೀರು ಇಳಿಯೋಕೆ ಕೊಡ್ತೀನಿ. ಆದ್ರೆ ಹತ್ತು ದಿನದ ಹಿಂದೆ ನಿಲ್ಲಿಸಿದ್ರೆ ಇಷ್ಟೊತ್ತಿಗೆ ಇಳೀಬೇಕಿತ್ತಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಾವೇ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಯಜಮಾನರು ನಾಚಿಕೆಯಿಂದ, "ಓದಿಲ್ಲ ಡಾಕ್ಟ್ರೇ, ಹಳೇ ಕಾಲದೋರು" ಎಂದು ಸೇರಿಸಿದರು.

ಡಾಕ್ಟರು ಅವರ ಕಡೆ ತಿರುಗಿ, "ಸುಮ್ಮನಿರಿ ಸಾರ್" ಅಂದರು. ಆಮೇಲೆ ಅತ್ತೆಯನ್ನು ಕೇಳಿದರು. "ಪ್ರಸಾದ ಎಸೆಯಂಗಿಲ್ಲ, ಸರಿ. ಒಬ್ಬಳೇ ತಿನ್ಬೇಕು ಅಂತಾನೂ ಅದಾ?"

ಅತ್ತೆ ತಲೆ ಎತ್ತಿ ಅವರನ್ನು ನೋಡಿದರು.

"ನಿಮ್ಮೂರಲ್ಲಿ ಪೂಜೆ ಆದ್ಮೇಲೆ ಪ್ರಸಾದವ ಏನ್ ಮಾಡ್ತೀರಿ?"

"ಅಂಚ್ತೀವಿ. ಬಂದೋರ್ಗೆಲ್ಲಾ."

"ನಾನು ಬಂದಿಲ್ವಾ?" ಎಂದು ಡಾಕ್ಟರು ಎದ್ದು ನಿಂತರು. ಚಪ್ಪಲಿಯನ್ನು ಮೇಜಿನ ಕೆಳಗೇ ಬಿಟ್ಟು, ಸೆರಗನ್ನು ಎರಡು ಕೈಯಲ್ಲೂ ಹಿಡಿದು ಅತ್ತೆಯ ಮುಂದೆ ಚಾಚಿದರು.

ಅವರದು ಯಾವ ದೇವರೋ, ಯಾವ ಪೂಜೆಯೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಸೆರಗೊಡ್ಡಿದ ರೀತಿಯಲ್ಲಿ ಮಾತ್ರ ಆಟವಿರಲಿಲ್ಲ. ನಾನು ಬ್ಯಾಗಿನಿಂದ ಸ್ಟ್ರಿಪ್ಪುಗಳನ್ನು ತೆಗೆದು ಅತ್ತೆಗೆ ಕೊಟ್ಟೆ. ಅತ್ತೆ ಹಣೆಗೆ ಮುಟ್ಟಿಸಿಕೊಂಡು ಆ ಸೆರಗಿಗೆ ಹಾಕಿದರು. ಹಾಕಿದ ಮೇಲೂ ಅನುಮಾನ. "ನೀವು ಆಮೇಲೆ ಬಿಸಾಕ್ಬುಡೀರಿ."

"ಎಲ್ಲಾದ್ರೂ ಉಂಟಾ?" ಡಾಕ್ಟರು ಸ್ಟ್ರಿಪ್ಪನ್ನು ತಿರುಗಿಸಿ ಹೆಸರು, ತಾರೀಖು, ಗುಳಿಗಳೆಲ್ಲ ಮುಚ್ಚಿಯೇ ಇವೆಯೇ ಎಂದು ನೋಡಿಕೊಂಡರು. "ಇದೇ ಮಾತ್ರೆ, ಇಷ್ಟೇ ಪವರು, ಎರಡು ವರ್ಷದಿಂದ ತಗೊಳ್ಳೋಳು ಒಬ್ಬಳು ಆಚೆ ಕೂತವ್ಳೆ. ಕುದೇರಿನೋಳು. ಅವಳಿಗೆ ಚೆನ್ನಾಗಿ ಒಗ್ಗದೆ. ಇವತ್ತು ಅವಳಿಗೆ ಬರ್ಕೊಡಬೇಕಿತ್ತು, ಅದರ ಬದ್ಲು ಇದು."

ಅತ್ತೆಗೆ ಮುಂದೇನು ಎಂದು ನಾನು ಕೇಳಿದೆ. ಸೂಜಿಯ ಮಾತು ಬರುತ್ತದೇನೋ ಎಂಬ ಹೆದರಿಕೆ ಅತ್ತೆಯ ಮುಖದಲ್ಲಿತ್ತು. ಡಾಕ್ಟರು ಸೂಜಿಯ ಹೆಸರು ಎತ್ತಲಿಲ್ಲ. ಸಕ್ಕರೆಯ ಮೂರು ತಿಂಗಳ ಸರಾಸರಿ ಚೆನ್ನಾಗಿ ಇಳಿದಿದೆ, ಲಿವರು ಹಗುರಾಗಿದೆ, ಕಟ್ಟಿದ ಕಣಜ ಒಂದೇ ದಿನಕ್ಕೆ ಬಿದ್ದು ಹೋಗುವುದಿಲ್ಲ ಎಂದರು. ಅದೇ ಬಳಗದ ಇನ್ನೊಂದು ಮಾತ್ರೆ ನಮ್ಮ ದೇಶದಲ್ಲೇ ತಯಾರಾದದ್ದು ಇದೆಯಂತೆ. ಅದು ನ್ಯೂಕ್ಲಿಯಸ್ಸಿನಲ್ಲಿ ಎರಡು ಥರದ ಗ್ರಾಹಿಗಳನ್ನು ಎಬ್ಬಿಸುತ್ತದೆ, ಒಂದು ರಕ್ತದ ಕೊಬ್ಬು ನೋಡಿಕೊಳ್ಳುವುದು, ಇನ್ನೊಂದು ಸಕ್ಕರೆಯದು. ಕಾಲು ಊದಿಸುವ ಚಾಳಿ ಅದಕ್ಕೆ ಕಡಿಮೆ. "ಮೊದ್ಲು ಈ ನೀರೆಲ್ಲಾ ಇಳೀಲಿ. ಆಮೇಲೆ ಹುಷಾರಾಗಿ ನೋಡನ. ಅದಕ್ಕೂ ಊಟದ ಹಂಗಿಲ್ಲ. ನಿನ್ ಸೋಮವಾರ ನಿಂಗೇ ಇರ್ಲಿ. ಒಂದು ಮಾತು ನಡೆಸ್ಕೊಡವ್ವ. ಇನ್ಮೇಲೆ ದಿನಕ್ಕೆ ಒಂದೇ ಮಾತ್ರೆ ಅರ್ಪಿಸು. ನಾಳೇದು ನಾಳೆಗೆ."

"ರಾಶಿ ಪೂಜೆ ರಾಗಿಗೆ ಮಾತ್ರ. ಸರಿ ಬುಡಿ," ಎಂದರು ಅತ್ತೆ.

ನ್ಯೂಕ್ಲಿಯಸ್ಸಿನ ಒಳಗೆ ಕೂತ ಪ್ರೋಟೀನನ್ನು ಹುಡುಕಿದವರು, ಅದಕ್ಕೆ ಹೊಂದುವ ಮಾತ್ರೆ ಮಾಡಿದವರು ಎಲ್ಲೆಲ್ಲಿಯವರೋ. ಅವರ ಬುದ್ಧಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಆ ಮಾತ್ರೆ ನಮ್ಮ ಮನೆಯ ಪೂಜೆಯ ತಟ್ಟೆಯಲ್ಲಿ ಸಿಕ್ಕಿಕೊಂಡಾಗ ಅದನ್ನು ಬಿಡಿಸಿಕೊಳ್ಳಲು ಸೆರಗೊಡ್ಡಬೇಕೆಂದು ತಿಳಿದವರೂ ಒಬ್ಬರು ಬೇಕಾಯಿತು.

ಹೊರಗೆ ಬಂದಾಗ ಬೆಂಚಿನ ಮೇಲೆ ಕುದೇರಿನ ಹೆಂಗಸು ಕೂತಿದ್ದಳು, ಐವತ್ತರ ಆಸುಪಾಸು, ಮಡಿಲಲ್ಲಿ ಟಿಫನ್ ಡಬ್ಬಿ. ನರ್ಸು ಅವಳನ್ನು ಒಳಗೆ ಕರೆದು, ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಕಳುಹಿಸಿದಳು. ಆ ಎರಡು ಸ್ಟ್ರಿಪ್ಪು ಈಗ 'ಇದು ಆ ಅಮ್ಮ ಕೊಟ್ಟ ಪ್ರಸಾದ' ಎಂಬ ಮಾತಿನ ಸಮೇತ ಅವಳ ಕೈಯಲ್ಲಿದ್ದವು. ಅವಳು ಸ್ಟ್ರಿಪ್ಪನ್ನೂ ನಮ್ಮತ್ತೆಯನ್ನೂ ಸರದಿಯಲ್ಲಿ ನೋಡಿದಳು. "ಯಾವ ದೇವಸ್ಥಾನದ್ದವ್ವ ಇದು?" ಎಂದು ಕೇಳಿದಳು.

ಅತ್ತೆ ಇನ್ನೂ ಏದುಸಿರು ಬಿಡುತ್ತಲೇ ನನ್ನ ಕೈ ಊರಿಕೊಂಡು ಅವಳ ಮುಂದೆ ಬಗ್ಗಿದರು, ಅವಳ ಸೀರೆಯ ನೆರಿಗೆಯನ್ನು ಒಂದಿಷ್ಟು ಮೇಲೆತ್ತಿದರು, ಕಣಕಾಲಿಗೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಬೀಳಲಿಲ್ಲ.

"ಚೆನ್ನಾಗದೆ," ಎಂದರು ಅತ್ತೆ. "ತಕ್ಕೊ. ಆದ್ರೆ ಕಾಲು ಊದ್ತು ಅನ್ನು, ಓಡ್ಬಂದು ಡಾಕ್ಟ್ರಿಗೆ ತೋರ್ಸು. ಪ್ರಸಾದ ಅಂತ ನುಂಗ್ತಾ ಕೂತ್ಕಂಡೀಯ, ಜೋಕೆ!"